ಕನ್ಯೆ ನೋಡಲು ಬಂದವರು ಕಂಡ ಹವಳದ ದಿಬ್ಬ

ನನ್ನನ್ನು ನೋಡಲೆಂದು ಬಬಲೇಶ್ವರದಿಂದ ತಿಕೋಟಾದ ನಮ್ಮ ಮನೆಗೆ ಬಂದವರು ನನ್ನನ್ನು ಬಿಟ್ಟು ಟಿವಿ ನೋಡಿದರು. ಸಿಟ್ಟು ಬರದೆ ಇರುತ್ತದೆಯೇ? ಹುಡುಗ ಫೋಟೊದಲ್ಲೇ ಮನಸ್ಸಿಗೆ ಬಂದಿದ್ದ. ಈ ಸಂಬಂಧ ಕೂಡಲೇಬೇಕು ಎಂದು ಮೊದಲ ಸಲ ಅನ್ನಿಸಿತ್ತು. ಅದಕ್ಕೇ ಅವ್ವ ಹೇಳಿದ್ದಕ್ಕೆಲ್ಲ ಹೂಂ ಅಂದಿದ್ದೆ: ತಲೆ ಎತ್ತಬಾರದು, ನಗಬಾರದು, ಕೇಳಿದರೆ ಮಾತ್ರ ಬಾಯಿ ಬಿಡಬೇಕು. ವಿಜಯಪುರದ ಶಾಲೆಯಲ್ಲಿ ದಿನವಿಡೀ ವಿಜ್ಞಾನ ಪಾಠ ಒದರುವವಳಿಗೆ ಇದೇನು ಸಣ್ಣ ಶಿಕ್ಷೆಯಲ್ಲ.

ನಾನು ಶಿರಾದ ಪ್ಲೇಟು ಹಿಡಿದು ಬರುವುದಕ್ಕೂ ಹೋಗಿದ್ದ ಕರೆಂಟು ಬರುವುದಕ್ಕೂ ಸರಿಹೋಯಿತು. ಬಂದ್ ಮಾಡದೆ ಬಿಟ್ಟಿದ್ದ ಟಿವಿ ತಾನೇ ಶುರುವಾಯಿತು. ಪರದೆಯ ತುಂಬ ನೀಲಿ ಸಮುದ್ರ, ತಳದಲ್ಲಿ ಬಣ್ಣಬಣ್ಣದ ಹವಳದ ದಿಬ್ಬ, ಅದರ ಸುತ್ತ ಮೀನೇ ಮೀನು. ಮನುಷ್ಯರು ಕಾಲಿಡದ ಜಾಗ ಎಂದು ಟಿವಿಯ ದನಿ ಹೇಳಿತು.

ರಿಮೋಟಿನ ಮೇಲೆ ಹುಡುಗನ ಕಾಕಾ, ಅವನಪ್ಪನ ತಮ್ಮ, ಕೂತುಬಿಟ್ಟಿದ್ದರು. ಅದರ ತುದಿ ನಮಗೆಲ್ಲ ಕಾಣುತ್ತಿತ್ತು. ಸ್ವಿಚ್ಚು ಅವರ ಬೆನ್ನ ಹಿಂದೆ. ಗಂಡಿನ ಕಡೆಯ ಹಿರಿಯರನ್ನು ‘ಒಂಚೂರು ಏಳ್ರಿ’ ಎನ್ನುವ ಧೈರ್ಯ ನಮ್ಮಪ್ಪನಿಗೆ ಎಲ್ಲಿಂದ ಬರಬೇಕು? ಎಲ್ಲರೂ ಸಮುದ್ರ ನೋಡುತ್ತ ಕುಳಿತೆವು.

“ಇಷ್ಟೊಂದ ಹವಳ ಸುಮ್ಮ ಬಿದ್ದಾವಲ್ರಿ ಬೀಗರ, ಇದಕ್ಕ ಸರ್ವೇ ನಂಬರ ಇಲ್ಲೇನ್ರಿ?” ಎಂದರು ಕಾಕಾ.

“ಇರಬೇಕ್ರಿ,” ಎಂದ ಅಪ್ಪ. ಅವತ್ತು ಕಾಕಾ ಏನು ಕೇಳಿದರೂ ಅಪ್ಪ ಒಪ್ಪುವವನೇ.

ಅಷ್ಟರಲ್ಲಿ ಪರದೆಯ ಮೇಲೆ ಒಂದು ದೊಡ್ಡ ಮೀನು ಸತ್ತಿತು. ಟಿವಿಯವನು ಗ್ರಾಂಥಿಕ ಕನ್ನಡದಲ್ಲಿ ಏನೋ ಉದ್ದುದ್ದ ಹೇಳಿದ. “ಏನಂದಾ ಅಂವಾ?” ಎಂದರು ಕಾಕಾ. ಅವರು ಮತ್ತೆ ಕೇಳಿದರು. ತರಗತಿಯಲ್ಲಿ ಪ್ರಶ್ನೆ ಹಾಗೇ ಬಿದ್ದಿರುವುದನ್ನು ನಾನು ಸಹಿಸಿದವಳಲ್ಲ. ತಲೆ ಎತ್ತಿಬಿಟ್ಟೆ.

“ಗುಂಪಿನ ಹಿರಿ ಗಂಡ ಮೀನ ಸತ್ರ, ಎಲ್ಲಾಕಿಂತ ದೊಡ್ಡ ಹೆಣ್ಣ ಮೀನ ತಾನ ಗಂಡಾಗತೈತ್ರಿ. ಮುಂದ ಗುಂಪ ಅದ ನಡಸತೈತಿ.”

ಕಾಕಾನ ಕೈಯಲ್ಲಿದ್ದ ಚಮಚ ಬಾಯಿಗೆ ಹೋಗಲಿಲ್ಲ. ಅವ್ವ ಹಿಂದಿನಿಂದ ನನ್ನ ತೋಳು ಚಿವುಟಿದಳು. ಕೆಟ್ಟಿತು, ನನ್ನ ಕೈಯಾರೆ ಕೆಡಿಸಿಕೊಂಡೆ ಎಂದು ಅಳು ಬಂತು.

ಆಗ ಬಾಗಿಲ ಬದಿಯಿಂದ ಒಂದು ದನಿ ಕೇಳಿತು. ಹುಡುಗನ ತಾಯಿ. ಗಂಡನನ್ನು ಕಳೆದುಕೊಂಡಿದ್ದ ಅವರು ಬಂದಾಗಿನಿಂದ ಸೆರಗು ಹೊದ್ದು ಸುಮ್ಮನೆ ಕುಳಿತಿದ್ದರು.

“ಗಂಡಾಗಾಕ ಎಷ್ಟ ದಿನಾ ಬೇಕ ಬೇ ತಂಗಿ ಅದಕ್ಕ?”

“ಒಂದೆರಡ ವಾರ ಬೇಕ್ರಿ,” ಎಂದೆ.

“ಪುಣ್ಯೇವಂತ ಮೀನ,” ಎಂದರು ಅವರು. “ನನಗ ಅಷ್ಟ ಪುರುಸೊತ್ತ ಎಲ್ಲಿತ್ತ? ಮಣ್ಣ ಕೊಟ್ಟ ಬಂದ ಮರುದಿನಾನ ಎತ್ತ ಹಸದ ಒದರಾಕತ್ತಿದ್ದುವು. ಎದ್ದ ಹೋಗಿ ಮೇವ ಹಾಕಿದೆ, ಹೊಲದಾಗ ಗಳೇ ಹೂಡಿದೆ.”

ಕಾಕಾ ನೆಲ ನೋಡುತ್ತಿದ್ದರು. ಆಕೆ ಸೆರಗಿನಿಂದ ಮೂಗು ಒರೆಸಿಕೊಂಡು ಮಗನ ಕಡೆಗೆ ತಿರುಗಿದರು. “ನಂಗ ಈ ಹುಡುಗಿ ಬೇಕ. ನಿಂದೇನರ ಐತೇನಪಾ?”

ಅವನು ಏನೆಂದನೋ ನಾನು ಕೇಳಿಸಿಕೊಳ್ಳಲಿಲ್ಲ. ಆಕೆಯನ್ನೇ ನೋಡುತ್ತಿದ್ದೆ. ಅವನ ಮುಖ ಸರಿಯಾಗಿ ನೋಡಿದ್ದು ಅಕ್ಷತೆ ಬಿದ್ದ ಮೇಲೆಯೇ.