ಬೀಗದಕೈ ಇದ್ದ ವಾರ

ಝಣ್ ಝಣ್ ಅಂತ ವರಾಂಡದ ಆ ತುದಿಯಿಂದ ಸದ್ದು ಬರುತ್ತಿತ್ತು. ಮೇಟ್ರನ್ ಬೆಲ್ಟಿಗೆ ಸಿಕ್ಕಿಸಿಕೊಂಡಿದ್ದ ಬೀಗದಕೈ ಗೊಂಚಲಿನ ಸದ್ದು. ಆಕೆ ಕಾಣುವ ಮೊದಲೇ ಅದು ಕೇಳುತ್ತಿತ್ತು. ನಾವು ನರ್ಸುಗಳು ಏಪ್ರನ್ ಸರಿಮಾಡಿಕೊಂಡು, ನಗು ನುಂಗಿಕೊಂಡು, ಯಾವುದಾದರೊಂದು ಕೆಲಸಕ್ಕೆ ಕೈ ಹಚ್ಚುವಷ್ಟು ಸಮಯ ಸಿಗುತ್ತಿತ್ತು. ಹುಣಸೂರಿನ ಆ ಪುಟ್ಟ ಆಸ್ಪತ್ರೆ ಈಗಿಲ್ಲ. ಸದ್ದು ಮಾತ್ರ, ವಾಟ್ ಟು ಡು, ಕಿವಿ ಬಿಟ್ಟು ಹೋಗಿಲ್ಲ.

ಮದ್ರಾಸಿನಿಂದ ಬಂದಿದ್ದ ಮೇಟ್ರನ್‌ಗೆ ಒಂದು ಹುಚ್ಚಿತ್ತು. ನರ್ಸ್ ಅಂದರೆ ಹೇಳಿದ್ದನ್ನು ಮಾಡುವವಳಲ್ಲ, ಡಿಸೈಡ್ ಮಾಡುವವಳು ಎನ್ನುತ್ತಿದ್ದರು. ಅದನ್ನು ಕಲಿಸಲು ಪ್ರತಿ ಸೋಮವಾರ ಗೊಂಚಲನ್ನು ಬಿಚ್ಚಿ ನಮ್ಮಲ್ಲೊಬ್ಬಳ ಅಂಗೈಯಲ್ಲಿಡುತ್ತಿದ್ದರು. ಆ ವಾರ ಔಷಧಿಯ ಬೀರು, ಆಪರೇಷನ್ ಆಯುಧಗಳ ಪೆಟ್ಟಿಗೆ, ಹಾಸಿಗೆ ಬಟ್ಟೆ, ಎಲ್ಲವೂ ಅವಳ ವಶ. ಅಯೋಡಿನ್ ಬೇಕಾದರೆ ಮೇಟ್ರನ್ ಕೂಡ ಎದುರು ನಿಂತು, “ಮೇ ಐ, ಸಿಸ್ಟರ್?” ಎಂದು ಕೇಳಬೇಕು. ನಾನು ಮೈಸೂರಿನ ಕಾನ್ವೆಂಟಿನಲ್ಲಿ ಓದಿ ಬಂದವಳು. ದೊಡ್ಡವರು ನನ್ನನ್ನು ಅನುಮತಿ ಕೇಳಿದ್ದು ಅದೇ ಮೊದಲು. ಆ ವಾರಗಳಲ್ಲಿ ಮೇಟ್ರನ್ ಸದ್ದಿಲ್ಲದೆ ಓಡಾಡುತ್ತಿದ್ದರು. ತಿರುಗಿ ನೋಡಿದರೆ ಹಿಂದೆಯೇ ನಿಂತಿರುತ್ತಿದ್ದರು.

ನಮ್ಮಲ್ಲಿ ಹಿರಿಯಳು ಹಾರನಹಳ್ಳಿ ಕಡೆಯ ಒಬ್ಬ ವಿಧವೆ. ಅವಳನ್ನು ಅಕ್ಕ ಎನ್ನುತ್ತಿದ್ದೆ. ಔಷಧಿಗಳ ಹೆಸರು ಬಿಟ್ಟರೆ ಅವಳಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. “ಏ ಕಾನ್ವೆಂಟಮ್ಮ, ಬೀಗ ತಗಿಯಾಕೂ ಪ್ಲೀಸ್ ಅಂತೀಯಲ್ಲ, ಬೀಗ ಏನು ನಿನ್ ಮಾವ್ನಾ?” ಎಂದು ನನ್ನನ್ನು ಆಡಿಕೊಳ್ಳುತ್ತಿದ್ದಳು. ಅವಳ ಅಣ್ಣನ ಮನೆಯಲ್ಲಿ ಅವಳ ಮಗಳು ಕೊಟ್ಟಿಗೆ ಬಳಿದುಕೊಂಡಿತ್ತು. ವರ್ಷದ ಕೊನೆಗೆ ಅಕ್ಕನನ್ನೇ ಚಾರ್ಜ್ ನರ್ಸ್ ಮಾಡುತ್ತೇನೆಂದು ಮೇಟ್ರನ್ ಮಾತು ಕೊಟ್ಟಿದ್ದರು. ಚಾರ್ಜ್ ನರ್ಸ್ ಆದರೆ ಹಿತ್ತಲಿನ ಕ್ವಾರ್ಟರ್ಸ್ ಸಿಗುತ್ತದೆ, ಕ್ವಾರ್ಟರ್ಸ್ ಸಿಕ್ಕರೆ ಮಗಳನ್ನು ಕರೆತರಬಹುದು. ಖಾಲಿ ಬಿದ್ದಿದ್ದ ಆ ಮನೆಯ ಕಿಟಕಿಯಲ್ಲಿ ಇಣುಕಿ, ಮಗಳ ಚಾಪೆಗೆ ಜಾಗವನ್ನೂ ಅವಳು ಗೊತ್ತು ಮಾಡಿಟ್ಟಿದ್ದಳು.

ಆ ವರ್ಷ ಕಾಕನಕೋಟೆಯಲ್ಲಿ ಆನೆ ಹಿಡಿಯುವ ಖೆಡ್ಡಾ. ನೋಡಲು ಬಂದ ಅತಿಥಿಗಳ ಆರೈಕೆಗೆಂದು ನಮ್ಮ ಡಾಕ್ಟರು ಕ್ಯಾಂಪಿಗೆ ಹೋಗಿದ್ದರು. ಅದು ಬೀಗದಕೈ ಅಕ್ಕನ ಹತ್ತಿರ ಇದ್ದ ವಾರ. ಒಳಗೆ ಚೊಚ್ಚಲ ಬಸುರಿ, ಮಗು ಹೊರಬರದೆ ಒದ್ದಾಡುತ್ತಿದ್ದಳು. ಅಷ್ಟರಲ್ಲಿ ಡಾಕ್ಟರ ಜವಾನ ಮೋಟಾರಿನಲ್ಲಿ ಬಂದಿಳಿದ.

“ಕ್ಲೋರೋಫಾರಮ್ಮು, ಆಯುಧದ ಪೆಟ್ಗೆ, ಎರಡ್ನೂ ತಕ್ಕಂಬಾ ಅಂದವ್ರೆ ಸಾಹೇಬ್ರು.”

“ಅಲ್ಲಿ ಯಾರ್ಗೇನಾಗದೆ?” ಅಂದಳು ಅಕ್ಕ.

“ಏನೂ ಆಗಿಲ್ಲ ಕಣವ್ವ. ದೊಡ್ಡೋರು ಬಂದವ್ರೆ, ಇರ್ಲಿ ಅಂತ.”

“ಇಲ್ಲಿ ಆಗದೆ ಕಣಣ್ಣ, ಒಳಗ್ ಕೇಳಿಸ್ಕೊ. ಈ ವಾರ ಬೀಗ ನನ್ ಕೈಲದೆ. ಕೊಡಕ್ಕಿಲ್ಲ ಅಂತ ಯೋಳು.”

“ನನ್ ಕೆಲ್ಸ ಓಯ್ತದೆ.”

“ಓದ್ರೆ ನಂದೂ ಓಯ್ತದೆ ಬುಡು. ಇಬ್ರೂ ಒಗೆಸೊಪ್ಪು ಕುಯ್ಯಾಕೋಗಾನ.”

ಅವನು ಬರಿಗೈಲಿ ಹೋದ. ಅಕ್ಕ ಒಳಗೆ ಬಂದು ವಿಷಯ ಹೇಳಿದಾಗ ಮೇಟ್ರನ್, “ವೆಲ್ ಡನ್, ಸಿಸ್ಟರ್” ಎಂದರು. ಆಮೇಲೆ ತಾವೇ ರೂಢಿ ಮಾಡಿಸಿದಂತೆ ಎದ್ದುನಿಂತು, “ಮೇ ಐ?” ಎಂದು ಕೇಳಿ ಆ ಪೆಟ್ಟಿಗೆಯನ್ನು ಈಸಿಕೊಂಡರು. ಅಕ್ಕ ಕ್ಲೋರೋಫಾರ್ಮ್ ಹಿಡಿದಳು, ಮೇಟ್ರನ್ ಇಕ್ಕಳ ಹಾಕಿ ಮಗುವನ್ನು ತೆಗೆದರು. ತಾಯಿ, ಮಗು ಎರಡೂ ಉಳಿದವು.

ಕ್ಯಾಂಪು ಮುಗಿಸಿ ಬಂದ ಡಾಕ್ಟರು ಮೇಟ್ರನ್‌ರನ್ನೂ ಅಕ್ಕನನ್ನೂ ತಮ್ಮ ಕೋಣೆಗೆ ಕರೆಸಿದರು. ಅವರು ಇಂಗ್ಲಿಷ್ ಬಿಟ್ಟು ಬೇರೆ ಆಡುತ್ತಿರಲಿಲ್ಲವಾದ್ದರಿಂದ ಅಕ್ಕನಿಗೆ ಕನ್ನಡ ಮಾಡಿ ಹೇಳಲು ನನಗೂ ಕರೆ ಬಂತು. ದೊಡ್ಡವರ ಮುಂದೆ ತಮಗೆ ಅವಮಾನವಾಯಿತು ಎಂದರು. ಒಬ್ಬ ನರ್ಸು ಇಲ್ಲ ಎನ್ನುವ ಅಧಿಕಾರವನ್ನು ಕೊಟ್ಟವರು ಯಾರು ಎಂದು ಮೇಟ್ರನ್‌ರನ್ನು ಕೇಳಿದರು. ಬದುಕಿ ಉಳಿದ ಎರಡು ಜೀವಗಳ ಮಾತನ್ನು ಆ ಕೋಣೆಯಲ್ಲಿ ಯಾರೂ ಎತ್ತಲಿಲ್ಲ.

ಮೇಟ್ರನ್ ಮೇಜಿನ ಅಂಚು ನೋಡುತ್ತ ಹೇಳಿದರು: “ಇಟ್ ವಾಸ್ ಓನ್ಲಿ ಪ್ರಾಕ್ಟೀಸ್, ಡಾಕ್ಟರ್. ದ ಕೀಸ್ ಆರ್ ಆಲ್ವೇಸ್ ಮೈನ್.”

“ಏನಂದ್ರು ಮೇಡಮ್ಮೋರು?” ಅಕ್ಕ ನನ್ನ ಕಡೆ ತಿರುಗಿದಳು. ಅವಳ ಮುಖದಲ್ಲಿ ಇನ್ನೂ ಧೈರ್ಯವಿತ್ತು. ಮೇಡಂ ತನ್ನ ಪರವಾಗಿ ಏನೋ ಹೇಳಿದ್ದಾರೆಂದೇ ಅವಳ ನಂಬಿಕೆ.

“ಬರೀ ಅಭ್ಯಾಸಕ್ಕೆ ಕೊಟ್ಟಿದ್ದಂತೆ ಅಕ್ಕ. ಬೀಗದಕೈ ಯಾವಾಗಲೂ ಅವರದೇ ಅಂತೆ.”

ಅಕ್ಕ ಮೇಟ್ರನ್ ಕಡೆ ತಿರುಗಿದಳು. “ಅಂಗಾದ್ರೆ ಮೊನ್ನೆ ನನ್ ಕೇಳಿ ಪೆಟ್ಗೆ ಈಸ್ಕೊಂಡ್ರಲ್ಲ, ಅದೂ ಆಟವಾ?”

ಮೇಟ್ರನ್‌ಗೆ ಕನ್ನಡ ಚೆನ್ನಾಗಿಯೇ ಬರುತ್ತಿತ್ತು. ಕಿಟಕಿಯ ಆಚೆ ನೋಡಿದರು. ಅಕ್ಕ ಏನೆಂದಳು ಎಂದು ಡಾಕ್ಟರು ಕೇಳಿದಾಗ ಅದನ್ನೂ ಇಂಗ್ಲಿಷಿಗೆ ಮಾಡಿ ಹೇಳಿದೆ. ಕಾನ್ವೆಂಟಿನ ಸಿಸ್ಟರುಗಳ ಹತ್ತಿರ ನಾನು ಕಲಿತ ಗುಡ್ ಇಂಗ್ಲಿಷ್ ಆ ಕೆಲಸಕ್ಕೆ ಬಂತು.

ಹೇಳಿದ ಮಾತು ಕೇಳಲಿಲ್ಲ ಎಂದು ಅಕ್ಕನನ್ನು ಕೆಲಸದಿಂದ ತೆಗೆದರು. ಅವಳ ಅಣ್ಣ ಗಾಡಿ ಕಟ್ಟಿಕೊಂಡು ಬಂದ, ಗಾಡಿಯಿಂದ ಇಳಿಯಲೂ ಇಲ್ಲ. ಚಾರ್ಜ್ ನರ್ಸ್ ಅನ್ನುವ ಹುದ್ದೆಗೆ ಆಮೇಲೆ ಯಾರನ್ನೂ ಹಾಕಲಿಲ್ಲ. ಆ ಕ್ವಾರ್ಟರ್ಸ್‌ನಲ್ಲಿ ಸೌದೆ ಒಟ್ಟಿದರು. ಸೋಮವಾರ ಬಂದಾಗ ಯಾರೂ ಕೈ ಚಾಚಲಿಲ್ಲ, ಮೇಟ್ರನ್ ಕೊಡಲೂ ಇಲ್ಲ. ಮತ್ತೆ ವರಾಂಡದಲ್ಲಿ ಝಣ್ ಝಣ್. ನಾವು ಬಹಳ ಒಳ್ಳೆಯ ನರ್ಸುಗಳಾದೆವು. ಗಾಯದ ಪಟ್ಟಿ ಬಿಚ್ಚುವುದಕ್ಕೂ ಕೇಳುತ್ತಿದ್ದೆವು. ಯೆಸ್ ಡಾಕ್ಟರ್, ಯೆಸ್ ಮೇಡಂ. ಈಗ ಯಾರಾದರೂ ನರ್ಸುಗಳಿಗೆ ಲೀಡರ್‌ಶಿಪ್ ಕಲಿಸಬೇಕು ಎಂದರೆ ನನಗೆ ಒಂದೇ ಕೇಳಬೇಕೆನಿಸುತ್ತದೆ: ಕಲಿತವಳು ನಿಜವಾಗಿ ಇಲ್ಲ ಅಂದ ದಿನ ನೀವು ಎಲ್ಲಿರುತ್ತೀರಿ?

ಕೆಲವು ವರ್ಷಗಳಾದ ಮೇಲೆ ಮಡಿಕೇರಿಯಿಂದ ಬಸ್ಸಿನಲ್ಲಿ ವಾಪಸು ಬರುತ್ತಿದ್ದೆ. ಪಿರಿಯಾಪಟ್ಟಣದಲ್ಲಿ ನಿಂತಾಗ ರಸ್ತೆಯ ಆ ಬದಿಯಲ್ಲಿ ಅಕ್ಕ ಕಂಡಳು. ಹೊಗೆಸೊಪ್ಪಿನ ಅಂಟಿಗೆ ಬೆರಳುಗಳೆಲ್ಲ ಕಪ್ಪಾಗಿದ್ದವು. ಪಕ್ಕದಲ್ಲಿ ದಿನ ತುಂಬಿದ ಒಂದು ಹುಡುಗಿ. ಮುಖ ನೋಡಿದೊಡನೆ ಮಗಳೆಂದು ತಿಳಿಯಿತು. ಮದುವೆ ಮಾಡಲು ಸೋದರಮಾವ ತಡ ಮಾಡಿರಲಿಲ್ಲ. ಹೆರಿಗೆಗೆಂದು ಇಬ್ಬರೂ ಮಡಿಕೇರಿ ಬಸ್ಸಿಗೆ ಕಾಯುತ್ತಿದ್ದರು.

ಕಿಟಕಿಯಿಂದ ಬಗ್ಗಿ, “ಅಕ್ಕ, ಅಷ್ಟು ದೂರ ಯಾಕೆ? ಹುಣಸೂರಿಗೆ ಬಾ, ನಾನಿದ್ದೀನಲ್ಲ” ಎಂದೆ.

ಅವಳು ನನ್ನನ್ನು ಗುರುತು ಹಿಡಿದು ನಕ್ಕಳು. “ಬೀಗದಕೈ ಯಾರತ್ರ ಅದೆ ಕಾನ್ವೆಂಟಮ್ಮ?”

“ಮೇಡಂ ಹತ್ತಿರವೇ.”

“ಅಂಗಾದ್ರೆ ಬ್ಯಾಡ ಬುಡು.”

ಬಸ್ಸು ಹೊರಟಿತು. ನಾನು ತಿರುಗಿ ನೋಡಿದಾಗ ಅವಳು ಮಗಳ ಬೆನ್ನಿಗೆ ಕೈ ಕೊಟ್ಟು, ಮಡಿಕೇರಿ ಬಸ್ಸು ಬರುವ ಹಾದಿಯನ್ನೇ ನೋಡುತ್ತ ನಿಂತಿದ್ದಳು.