ಸಂಜೆಗೆ ನೀರು ಇಳಿಯುತ್ತೆ

ವರ್ತೂರು ಕೆರೆಯಲ್ಲಿ ಬಟ್ಟೆ ಒಗೆಯುತ್ತಿದ್ದಾಗ, ನನ್ನ ತವರಿನ ಹಿತ್ತಾಳೆ ತಂಬಿಗೆ ಹೊಸ ಸೊಸೆ ಸುಗುಣಳ ಕೈಜಾರಿ ಆಳದ ನೀರಿಗೆ ಬಿತ್ತು. ನಾನು ಅಯ್ಯೋ ಎಂದು ಕೂಗಿಕೊಂಡೆ. ಅವಳು ಮಾತ್ರ ನಿಶ್ಚಿಂತೆಯಿಂದ ಸೆರಗು ಹಿಂಡಿಕೊಂಡಳು.

“ಗಾಬರಿ ಆಗ್ಬೇಡಿ ಅತ್ತೆ, ಸಂಜೆಗೆ ನೀರು ಇಳಿಯುತ್ತೆ. ನಡ್ಕೊಂಡು ಹೋಗಿ ತರ್ತೀನಿ.”

“ಅಲ್ಲೀಗಂಟ ಇಲ್ಲೇ ಕುಂತಿರವ್ವ, ಬುತ್ತಿ ಕಳಿಸ್ತೀವಿ!” ಎಂದರು ಪಕ್ಕದ ಮನೆ ಮುನಿಯಮ್ಮ. ಕಲ್ಲುಗಳ ಮೇಲಿದ್ದ ಹೆಂಗಸರೆಲ್ಲ ಗೊಳ್ಳೆಂದು ನಕ್ಕರು.

ಸುಗುಣ ಹುಟ್ಟಿ ಬೆಳೆದದ್ದು ಅಂಡಮಾನಿನಲ್ಲಿ. ಅಲ್ಲಿ ಸಮುದ್ರ ದಿನಕ್ಕೆರಡು ಸಲ ಹಿಂದೆ ಸರಿಯುತ್ತದಂತೆ, ಮಕ್ಕಳು ಬರಿಗಾಲಲ್ಲಿ ಹೋಗಿ ಏಡಿ, ಕಪ್ಪೆಚಿಪ್ಪು ಆರಿಸಿ ತರುತ್ತಾರಂತೆ. ಕೆರೆ ಹಾಗಲ್ಲಮ್ಮ ಎಂದು ನಾನು ಹೇಳಿದಾಗ ಅವಳ ಮುಖ ಸಪ್ಪಗಾಯಿತು. ಎರಡು ದಿನ ನನ್ನ ಕಣ್ಣು ತಪ್ಪಿಸಿಕೊಂಡೇ ಓಡಾಡಿದಳು.

ಬೇಸಿಗೆ ಬಂತು, ಕೆರೆ ಬತ್ತುತ್ತಾ ಹೋಯಿತು. ಒಂದು ಬೆಳಿಗ್ಗೆ ಸುಗುಣ ಮಂಡಿವರೆಗೆ ಕೆಸರು ಮೆತ್ತಿಕೊಂಡು ಬಂದು, ಪಾಚಿ ಹಿಡಿದ ತಂಬಿಗೆಯನ್ನು ನನ್ನ ಮುಂದಿಟ್ಟಳು.

“ನಿಮ್ಮೂರಲ್ಲಿ ನೀರು ಇಳಿಯೋದು ಸ್ವಲ್ಪ ನಿಧಾನ ಅತ್ತೆ, ಅಷ್ಟೇ!”

ಈಗ ನಮ್ಮನೆಯಲ್ಲಿ ಕತ್ತರಿ ಕಾಣದಿದ್ದರೂ ಕನ್ನಡಕ ಕಾಣದಿದ್ದರೂ ಯಾರೂ ರೇಗುವುದಿಲ್ಲ. ಸಂಜೆಗೆ ನೀರು ಇಳಿಯುತ್ತೆ ಬಿಡಿ ಎಂದು ನಗುತ್ತಾ ಹುಡುಕುತ್ತೇವೆ.