ಜಮಾಲಸಾಬರ ರಟ್ಟು
ತಿರುಗುವ ಉದ್ದ ಶಾಫ್ಟು ನಡುವೆ ಬಳುಕದಂತೆ ಹಿಡಿಯುವ ಕಬ್ಬಿಣದ ಬಳೆಗೆ ನಾವು ಲೇತಿನವರು ಸ್ಟೆಡಿ ಅನ್ನುತ್ತೇವೆ. ಹಳೇ ಲೇತಿಗೆ ಅದು ಬೇಕಾದರೆ ಮಚ್ಛೆಯ ಗುಜರಿ ಅಂಗಡಿಯ ಜಮಾಲಸಾಬರೇ ಗತಿ. ಲೇತಿನ ಕಂಪನಿ ಹೆಸರು ಹೇಳಿದರೆ ಅವರಿಗೆ ಸಿಟ್ಟು. "ಹೆಸರು ತಗೊಂಡ ಏನ ಮಾಡ್ಲಿ? ಸ್ಟೆಡಿ ಕೂಡ್ರೂ ಲೇತಿನ ಬೆಡ್ಡಿಗೆ ರಟ್ಟ ಹಚ್ಚಿ, ಅದರ ಆಕಾರ ಕತ್ತರಿಸ್ಕೊಂಡ ಬರ್ರಿ!" ಮದುವೆ ಊಟಕ್ಕೆ ಕೂತರೂ ಜೇಬಿನಿಂದ ಯಾರದೋ ರಟ್ಟು ತೆಗೆದು, "ಇದಕ್ಕ ಕೂಡೂ ಸ್ಟೆಡಿ ನಿಮ್ಮ ಕಡೆ ಐತೇನ್ರಿ?" ಎಂದು ಬಾಜೂದವರನ್ನು ಕೇಳುವರು. ಎಂಬತ್ತೆರಡನೇ ಇಸವಿಯಲ್ಲಿ ಖಾನಾಪುರದ ನನ್ನ ವರ್ಕ್‌ಶಾಪು ಸ್ಟೆಡಿಯಿಲ್ಲದೆ ಮುಚ್ಚುವುದರಲ್ಲಿದ್ದಾಗ, ನಾನು ಕೊಟ್ಟಿದ್ದ ರಟ್ಟಿನ ಅಳತೆಯ ಒಂದನ್ನು ಅವರೇ ಬಸ್ಸಿನಲ್ಲಿ ಹೊತ್ತು ತಂದರು. ಹೇಳಿ ಮಾಡಿಸಿದಂತೆ ಕೂಡಿತು. ಸಿಹಿಗೆಂದು ಕುಂದಾ ಪೊಟ್ಟಣ ಹಿಡಿದು ಮಚ್ಛೆಗೆ ಹೋದೆ. ಅಂಗಡಿಯ ಹಿಂದೆ, ನನ್ನದರಂಥದೇ ಅವರ ಸ್ವಂತ ಲೇತು ತಿರುಗುತ್ತಿತ್ತು; ಸ್ಟೆಡಿಯ ಜಾಗದಲ್ಲಿ ತೂತು ಕೊರೆದ ಸಾಗವಾನಿ ಕಟ್ಟಿಗೆಯ ತುಂಡು. "ಏನ ನೋಡ್ತೀರಿ? ಕುಂದಾ ತಗೀರಿ" ಎಂದರು.